ಮಂದ್ರಕ್ಕೆ ಹಚ್ಚಿದ ದೀಪ

ಸಂಗೀತವನ್ನು ಮೆಚ್ಚುವಾಗ ನಮ್ಮ ಗಮನವೆಲ್ಲ ಮೇಲಕ್ಕೇ ಹೋಗುತ್ತದೆ. ಗಾಯಕಿ ತಾರಸ್ಥಾಯಿಯಲ್ಲಿ ನಿಂತರೆ ಸಭೆ ತಲೆದೂಗುತ್ತದೆ. ಪಿಟೀಲು ಮೇಲಿನ ಷಡ್ಜ ಮುಟ್ಟಿದರೆ ಚಪ್ಪಾಳೆ ಬೀಳುತ್ತದೆ. ಕೆಳಗೆ, ಮಂದ್ರದಲ್ಲಿ, ಇಷ್ಟನ್ನೂ ಹೊತ್ತು ನಿಂತ ನಾದಕ್ಕೆ ಯಾರಾದರೂ ಚಪ್ಪಾಳೆ ತಟ್ಟಿದ್ದನ್ನು ನಾನಂತೂ ಕಂಡಿಲ್ಲ. ಅದು ಇದ್ದಾಗ ಯಾರ ಗಮನಕ್ಕೂ ಬರುವುದಿಲ್ಲ. ಇಲ್ಲದಾಗ ಮಾತ್ರ "ಯಾಕೋ ಇವತ್ತು ಕಳೆಗಟ್ಟಲಿಲ್ಲ" ಎಂದುಕೊಂಡು ಎದ್ದು ಬರುತ್ತೇವೆ. ಸಾರಿನ ಒಗ್ಗರಣೆಯ ಘಮವನ್ನು ಬೀದಿಯವರೆಲ್ಲ ಹೊಗಳುತ್ತಾರೆ; ಬೇಳೆ ಹದವಾಗಿ ಬೆಂದದ್ದನ್ನು ಯಾರು ಹೊಗಳುತ್ತಾರೆ ಹೇಳಿ?

ಈ ಕೆಳಗಿನ ನಾದದ ಬಗ್ಗೆ, ಅದನ್ನು ಎತ್ತಿ ಕೇಳಿಸುವ ಒಂದು ಹಳೆಯ ಯಂತ್ರದ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಯಂತ್ರದ ಹೆಸರು ವಾಲ್ವ್ ಆಂಪ್ಲಿಫೈಯರ್. ಟ್ರಾನ್ಸಿಸ್ಟರ್ ಬರುವ ಮೊದಲು ರೇಡಿಯೋದ ಹೊಟ್ಟೆಯಲ್ಲಿ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳು ನೆನಪಿವೆಯಲ್ಲ, ಅವೇ ಇದರ ಜೀವ. ಐವತ್ತು ಅರವತ್ತು ವರ್ಷ ಹಳೆಯ ಇಂಥ ಪೆಟ್ಟಿಗೆಗಳನ್ನು ಹುಡುಕಿ, ದುಬಾರಿ ಬೆಲೆ ಕೊಟ್ಟು ಕೊಂಡು, ಅದರಲ್ಲೇ ಬೇಸ್ ಗಿಟಾರ್ ನುಡಿಸಬೇಕೆನ್ನುವವರು ಲೋಕದ ತುಂಬ ಇದ್ದಾರೆ. ಅವರಲ್ಲೊಬ್ಬಳು ಮಾವಳ್ಳಿಯ ನಮ್ಮ ಮನೆಯಲ್ಲೇ ಇದ್ದಾಳೆ, ನನ್ನ ಮಗಳು. ಹಾಗಾಗಿ ಈ ವಿಮರ್ಶೆ ನನಗೆ ಬರೀ ಪಾಂಡಿತ್ಯದ ಮಾತಲ್ಲ. ಮೂರು ವರ್ಷ ಕಟ್ಟಿದ ಚೀಟಿಯ ದುಡ್ಡಿನ ಮಾತೂ ಹೌದು.

ಮೊದಲು ಬೇಸ್ ಗಿಟಾರ್ ಎಂದರೇನು ಎಂದು ಹೇಳಿಬಿಡುತ್ತೇನೆ. ನೋಡಲು ಗಿಟಾರಿನಂತೆಯೇ, ಆದರೆ ಕತ್ತು ಉದ್ದ. ತಂತಿ ಸಾಮಾನ್ಯವಾಗಿ ನಾಲ್ಕೇ, ಒಂದೊಂದೂ ದಪ್ಪ. ಅದರ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನಮ್ಮ ಕಿವಿಗೆ ಸುಮಾರು 20ರಿಂದ ಕೆಳಗೆ ಏನೂ ಕೇಳಿಸದು ಎಂದಮೇಲೆ ಈ ತಂತಿ ಎಷ್ಟು ಆಳದಲ್ಲಿದೆ ಎಂದು ನೀವೇ ಊಹಿಸಿ. "ನಾನು ಕೇಳೇ ಇಲ್ಲ" ಎನ್ನುವ ಹಾಗಿಲ್ಲ. 1981ರಲ್ಲಿ ಬಂದ ಶಂಕರ್ ನಾಗ್ ಅವರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ', ಎರಡು ಚಿತ್ರಗಳಿಗೂ ಇಳಯರಾಜ ಅವರ ಸಂಗೀತ. ಆ ಹಾಡುಗಳನ್ನು ಇನ್ನೊಮ್ಮೆ ಹಾಕಿಕೊಂಡು, ಗಾಯಕರ ದನಿಯನ್ನು ಒಂದು ನಿಮಿಷ ಬದಿಗಿಟ್ಟು, ಕೆಳಗೆ ನಡೆದಾಡುವ ಇನ್ನೊಂದು ರಾಗದ ಎಳೆಯನ್ನು ಹಿಡಿಯಿರಿ. ಹಾಡಿನ ಅರ್ಧ ಲಾಲಿತ್ಯ ಅಲ್ಲಿದೆ. ಇಷ್ಟು ವರ್ಷ ಗುನುಗಿಕೊಂಡವರಿಗೂ ಅದು ಬೇಸ್ ಗಿಟಾರ್ ಎಂದು ಗೊತ್ತಿರುವುದಿಲ್ಲ.

ನಮ್ಮ ಸಂಪ್ರದಾಯಕ್ಕೂ ಈ ಚಿಂತೆ ಹೊಸದಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಗಳಿಗೆ ಹೋಗುವವರು ಮೃದಂಗದವರನ್ನು ಗಮನಿಸಿ. ಶ್ರೀರಾಮಸೇವಾ ಮಂಡಲಿ 1939ರಲ್ಲಿ ಶುರುಮಾಡಿದ ಈ ಉತ್ಸವದಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ನುಡಿಸಿದ್ದಾರೆ. ಅವರೂ ಕಚೇರಿಗೆ ಮುಂಚೆ ರವೆಯನ್ನು ನೀರಲ್ಲಿ ನಾದಿ ಮೃದಂಗದ ಎಡಮುಖಕ್ಕೆ ಮೆತ್ತಿದವರೇ, ಮುಗಿದ ಮೇಲೆ ಅದನ್ನು ಕೆರೆದು ತೆಗೆದವರೇ. ಚರ್ಮಕ್ಕೆ ತೂಕ ಕೂಡಿದರೆ ಕಂಪನ ನಿಧಾನವಾಗಿ ನಾದ ಕೆಳಗಿಳಿಯುತ್ತದೆ. ರವೆ ಇಡ್ಲಿಗೆ ಹೆಸರಾದ ಮಾವಳ್ಳಿಯ ಹೆಂಗಸಾದ ನನಗೆ ಇದನ್ನು ನೋಡಿದಾಗಲೆಲ್ಲ ಸಂತೋಷ: ಒಂದು ಹಿಡಿ ರವೆ ಅಡುಗೆಮನೆಯಲ್ಲಿ ಮಾಡುವ ಕೆಲಸವೇ ಬೇರೆ, ಕಚೇರಿಯಲ್ಲಿ ಮಾಡುವ ಕೆಲಸವೇ ಬೇರೆ!

ಇನ್ನು ವಾಲ್ವ್‌ಗೆ ಬರೋಣ. ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಒಂದು ಲೋಹದ ಕೊಳವೆಯನ್ನು ಕಾಯಿಸಿದರೆ ಅದರಿಂದ ಎಲೆಕ್ಟ್ರಾನುಗಳು ಹೊಮ್ಮಿ ಎದುರಿನ ತಗಡಿಗೆ ಓಡುತ್ತವೆ. ಇವೆರಡರ ನಡುವೆ ಕೂದಲೆಳೆಯಷ್ಟು ತೆಳ್ಳನೆಯ ತಂತಿಯ ಒಂದು ಜಾಲರಿ. ಈ ಜಾಲರಿಗೆ ಗಿಟಾರಿನಿಂದ ಬಂದ ದುರ್ಬಲ ವಿದ್ಯುತ್ತು ತಾಕಿದರೆ ಸಾಕು, ಅದಕ್ಕೆ ತಕ್ಕ ಹಾಗೆ ಆಚೆ ಓಡುವ ದೊಡ್ಡ ಹರಿವು ಹೆಚ್ಚುತ್ತದೆ, ಕಡಿಮೆಯಾಗುತ್ತದೆ. ತೂಬಿನ ಬಾಗಿಲನ್ನು ಒಂದು ಕೈಯಿಂದ ಅಲುಗಿಸಿ ಕೆರೆಯ ನೀರನ್ನೇ ಆಳಿದಂತೆ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಈ ಜಾಲರಿಯನ್ನು ಸೇರಿಸಿದ ಮೇಲೆಯೇ ರೇಡಿಯೋ, ಮೈಕು, ಸಿನಿಮಾದ ಮಾತು ಎಲ್ಲ ಬಂದದ್ದು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕ್ರಮೇಣ ವಾಲ್ವ್ ಹಿಂದೆ ಸರಿಯಿತು.

ವಾಲ್ವ್ ನಮಗೆ ದೂರದ ವಸ್ತುವೇನಲ್ಲ. ಜಾಲಹಳ್ಳಿಯಲ್ಲಿ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮೆಲ್ಲರ ಬಾಯಲ್ಲಿ ಬಿ.ಇ.ಎಲ್., 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸಲು ಆರಂಭಿಸಿತು. ಹಾಕಿದ ಅರ್ಧ ನಿಮಿಷಕ್ಕೆ ಬಿಸಿಯೇರಿ, ಹಸಿರು ಕಣ್ಣು ತೆರೆದು, ಆಮೇಲೆ ಮಾತಾಡುತ್ತಿದ್ದ ಎಷ್ಟೋ ರೇಡಿಯೋಗಳಲ್ಲಿ ಈ ಬೆಂಗಳೂರಿನ ವಾಲ್ವುಗಳೇ ಇದ್ದವು. ಅದರಲ್ಲಿ ಇಎಲ್-84 ಎಂಬುದೊಂದು, ಇಸಿಸಿ-83 ಎಂಬುದೊಂದು. ಇದೇ ಇಎಲ್-84 ನಾಲ್ಕನ್ನು ಇಟ್ಟು ಇಂಗ್ಲೆಂಡಿನ ವಾಕ್ಸ್ ಕಂಪನಿ ಎಸಿ-30 ಎಂಬ ಆಂಪ್ಲಿಫೈಯರ್ ಮಾಡಿತು. ಬೀಟಲ್ಸ್ ನುಡಿಸಿದ್ದು ಅದರಲ್ಲೇ. ನಮ್ಮ ಅಜ್ಜಿ ಪ್ರದೇಶ ಸಮಾಚಾರ ಕೇಳುತ್ತಿದ್ದ ಜಾತಿಯ ವಾಲ್ವೇ ಅಲ್ಲಿ ರಾಕ್ ಸಂಗೀತ ಹಾಡುತ್ತಿತ್ತು. ಬಿ.ಇ.ಎಲ್. ಎಂದು ಅಚ್ಚಾದ ಹಳೆಯ ವಾಲ್ವುಗಳನ್ನು ಈಗ ಹೊರದೇಶದ ಗಿಟಾರಿನವರು ಹುಡುಕಿ ಕೊಳ್ಳುತ್ತಾರೆ. ಇಲ್ಲಿ ಅವು ಗುಜರಿಯವನ ತಕ್ಕಡಿಗೆ ಹೋದವು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಗಾದೆಯಲ್ಲ.

ಬೇಸ್ ಆಂಪ್ಲಿಫೈಯರಿನ ಕಥೆಯೂ ಒಬ್ಬ ರೇಡಿಯೋ ರಿಪೇರಿಯವನಿಂದಲೇ ಶುರುವಾಗುತ್ತದೆ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ಬೇಸ್ ಗಿಟಾರನ್ನು ಮಾರುಕಟ್ಟೆಗೆ ತಂದ. ಅಲ್ಲಿಯವರೆಗೆ ಈ ಕೆಲಸಕ್ಕೆ ಆಳೆತ್ತರದ ಡಬಲ್ ಬೇಸ್ ಬೇಕಿತ್ತು. ತಮಟೆ, ತುತ್ತೂರಿಗಳ ಮಧ್ಯೆ ಅದರ ದನಿ ಕೇಳಿಸುತ್ತಲೂ ಇರಲಿಲ್ಲ. 1952ರಲ್ಲಿ ಆ ಗಿಟಾರಿಗೆಂದೇ ಬೇಸ್‌ಮನ್ ಎಂಬ ವಾಲ್ವ್ ಆಂಪ್ಲಿಫೈಯರ್ ಬಂತು. ಮುಂದೆ ನಡೆದದ್ದು ಸ್ವಾರಸ್ಯವಾಗಿದೆ. ಹತ್ತು ಅಂಗುಲದ ನಾಲ್ಕು ಸ್ಪೀಕರುಗಳ ಬೇಸ್‌ಮನ್‌ನ ದನಿ ಮಾಮೂಲಿ ಗಿಟಾರಿನವರಿಗೆ ಇಷ್ಟವಾಗಿ ಅವರೇ ಅದನ್ನು ಎತ್ತಿಕೊಂಡು ಹೋದರು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ತನ್ನ ಮೊದಲ ಆಂಪ್ಲಿಫೈಯರ್ ಮಾಡಿದ್ದು ಇದನ್ನೇ ಮಾದರಿಯಾಗಿಟ್ಟು. ಕೆಳಗಿನ ಸ್ವರಕ್ಕೆಂದು ಮಾಡಿದ ಪೆಟ್ಟಿಗೆ ಮೇಲಿನ ಸ್ವರದವರ ಪಾಲಾಯಿತು. ತಂಗಿಗೆಂದು ತಂದ ಸೀರೆಯನ್ನು ಅಕ್ಕ ಉಟ್ಟುಕೊಂಡು ಹೋದಂತೆ!

ಬೇಸ್‌ನವರ ಕೈಬಿಡದೆ ಉಳಿದದ್ದು ಆಂಪೆಗ್ ಎಂಬ ಕಂಪನಿ. 1960ರಲ್ಲಿ ಅದು ಬಿ-15 ಎಂಬ ಅಡಕವಾದ ಪೆಟ್ಟಿಗೆ ತಂದಿತು. 1969ರಲ್ಲಿ ಎಸ್‌ವಿಟಿ ಎಂಬ ದೈತ್ಯನನ್ನು. ಹದಿನಾಲ್ಕು ವಾಲ್ವು, 300 ವಾಟ್, ಸ್ಪೀಕರ್ ಬಿಟ್ಟು ಮೇಲಿನ ಪೆಟ್ಟಿಗೆಯೇ ನಲವತ್ತು ಕಿಲೋದ ಹತ್ತಿರ. ಈ ಚರಿತ್ರೆಯಲ್ಲಿ ಬರುವ ಹೆಸರುಗಳೆಲ್ಲ ಗಂಡಸರವೇ ಎಂದುಕೊಳ್ಳಬೇಡಿ. 1963ರಲ್ಲಿ ಲಾಸ್ ಏಂಜಲಿಸ್‌ನ ಸ್ಟುಡಿಯೋ ಒಂದಕ್ಕೆ ಬೇಸ್ ನುಡಿಸುವವ ಬಾರದೇ ಹೋದಾಗ, ಗಿಟಾರ್ ನುಡಿಸಲು ಬಂದಿದ್ದ ಕ್ಯಾರೊಲ್ ಕೇ ಎಂಬಾಕೆ ಬೇಸ್ ಎತ್ತಿಕೊಂಡರು. ಮುಂದೆ ಸಾವಿರಾರು ಧ್ವನಿಮುದ್ರಣಗಳಲ್ಲಿ ನುಡಿಸಿದರು. ಬೀಚ್ ಬಾಯ್ಸ್ ತಂಡದ 1966ರ ಹೆಸರಾಂತ ತಟ್ಟೆಯಲ್ಲೂ ಅವರ ಕೈಯಿದೆ. ಆ ಕಾಲದ ತಟ್ಟೆಗಳ ಮೇಲೆ ಸ್ಟುಡಿಯೋ ವಾದ್ಯಗಾರರ ಹೆಸರು ಅಚ್ಚಾಗುವುದು ಅಪರೂಪ. ಕೋಟಿಗಟ್ಟಲೆ ಜನ ಆಕೆಯ ಬೇಸಿಗೆ ಕಾಲು ಕುಣಿಸಿದರು, ನುಡಿಸಿದ್ದು ಹೆಂಗಸು ಎಂಬುದು ಮಾತ್ರ ಬಹುಕಾಲ ಅವರಿಗೆ ತಿಳಿಯಲಿಲ್ಲ.

ಈಗ ವಿಮರ್ಶೆಯ ಮುಖ್ಯ ಪ್ರಶ್ನೆ. ಹಳೆಯ ವಾಲ್ವಿನ ಅಭಿಮಾನಿಗಳನ್ನು ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ನಾದ ಬೆಚ್ಚಗಿರುತ್ತದೆ." ಬೆಚ್ಚಗೆ ಅಂದರೆ? ಪೆಟ್ಟಿಗೆ ಬೆಚ್ಚಗಾಗುವುದಂತೂ ನಿಜ. ಅದರ ಪಕ್ಕದಲ್ಲಿ ಹಾಲಿಟ್ಟರೆ ಹೆಪ್ಪು ಬೇಗ ಕೂಡೀತು. ನಾದ ಬೆಚ್ಚಗಾಗುವುದು ಹೇಗೆ? ಪುಸ್ತಕ ವಿಮರ್ಶೆಯಲ್ಲಿ 'ಹೃದಯಸ್ಪರ್ಶಿ' ಎಂದು ಬರೆದು ಕೈತೊಳೆದುಕೊಳ್ಳುವವರ ಹಾಗೆ ಇದೂ ಒಂದು ಸೋಮಾರಿ ಮಾತು ಎಂಬುದು ನನ್ನ ಅನುಮಾನವಾಗಿತ್ತು. ಮಗಳ ಗೆಳೆಯರ ಅಭ್ಯಾಸದ ಕೋಣೆಯಲ್ಲಿ ಒಂದು ಹಳೆಯ ವಾಲ್ವ್ ಪೆಟ್ಟಿಗೆ, ಒಂದು ಇತ್ತೀಚಿನ ಟ್ರಾನ್ಸಿಸ್ಟರ್ ಪೆಟ್ಟಿಗೆ ಎರಡೂ ಇದ್ದವು. ನಾನು ಗೋಡೆಗೆ ಮುಖಮಾಡಿ ಕೂತೆ. ಅವಳು ಒಂದೇ ಪಾಠವನ್ನು ಎರಡರಲ್ಲೂ ನುಡಿಸುತ್ತಾ ಹೋದಳು. ಯಾವುದರಲ್ಲಿ ಎಂದು ನನಗೆ ಹೇಳಬಾರದೆಂದು ಕರಾರು.

ಮೆಲ್ಲಗೆ ನುಡಿಸಿದಾಗ ನನಗೆ ವ್ಯತ್ಯಾಸವೇ ತಿಳಿಯಲಿಲ್ಲ. ಎಂಟು ಸಲದಲ್ಲಿ ನಾಲ್ಕು ಸಲ ಸರಿ ಹೇಳಿದೆ. ಕಣ್ಣುಮುಚ್ಚಿ ನಾಣ್ಯ ಹಾರಿಸಿದ್ದರೂ ಅಷ್ಟೇ ಬರುತ್ತಿತ್ತು. ಆಮೇಲೆ ಡ್ರಮ್ಮಿನ ಹುಡುಗ ಸೇರಿಕೊಂಡ, ಗಿಟಾರ್ ಸೇರಿತು, ಸದ್ದು ಏರಿತು. ಆಗ ನಡೆದದ್ದು ಬೇರೆ. ಟ್ರಾನ್ಸಿಸ್ಟರ್ ಪೆಟ್ಟಿಗೆಯಲ್ಲಿ ಅವಳ ಸ್ವರ ನನ್ನ ಎದೆಗೆ ಗುದ್ದುತ್ತಿತ್ತು, ಆದರೆ ಯಾವ ಸ್ವರ ಎಂದು ಕಿವಿಗೆ ಗುರುತು ಹತ್ತುತ್ತಿರಲಿಲ್ಲ. ವಾಲ್ವ್ ಪೆಟ್ಟಿಗೆಯಲ್ಲಿ ಗುದ್ದು ಕಡಿಮೆ. ಸ್ವರ ಮಾತ್ರ ಬಿಡಿಬಿಡಿಯಾಗಿ, ಹೂವಿನ ಮಾಲೆಯಲ್ಲಿ ಒಂದೊಂದು ಹೂವೂ ಕಾಣುವ ಹಾಗೆ ಕೇಳಿಸಿತು. ಐದು ಸಲಕ್ಕೆ ಐದೂ ಸಲ ಸರಿಯಾಗಿ ಹೇಳಿದೆ. ಅಂದಮೇಲೆ ಅಭಿಮಾನಿಗಳ ಮಾತಿನಲ್ಲಿ ಏನೋ ಸತ್ಯವಿದೆ. ಅದಕ್ಕೆ ಅವರಿಟ್ಟ ಹೆಸರು ಮಾತ್ರ ತಪ್ಪು.

ಇದರ ಗುಟ್ಟು ಸಂಗೀತ ಕಲಿತ ಹೆಣ್ಣುಮಕ್ಕಳಿಗೆಲ್ಲ ಗೊತ್ತಿದೆ, ಗೊತ್ತಿದೆ ಎಂಬುದು ಗೊತ್ತಿಲ್ಲ ಅಷ್ಟೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲೆಳೆ ಸೇರಿಸುತ್ತೇವಲ್ಲ, ಜೀವಾಳ, ಅದನ್ನು ನೆನಪು ಮಾಡಿಕೊಳ್ಳಿ. ನೂಲು ತೆಗೆದರೆ ಮಂದ್ರ ಷಡ್ಜ ಮೊಂಡಾಗಿ 'ಟೊಂಯ್' ಎನ್ನುತ್ತದೆ. ನೂಲು ಸರಿಯಾದ ಜಾಗಕ್ಕೆ ಬಂದೊಡನೆ ಅದೇ ತಂತಿಯಿಂದ ಜೇನ್ನೊಣದ ಝೇಂಕಾರ ಏಳುತ್ತದೆ; ಅದರೊಳಗಿಂದ ಮೇಲಿನ ಷಡ್ಜ, ಪಂಚಮ, ಸ್ವಯಂಭೂ ಗಾಂಧಾರ ಎಲ್ಲ ಹೊಮ್ಮುತ್ತವೆ. ಒಂದು ತಂತಿ ಮಿಡಿದಾಗ ಅದರ ಮೂಲ ಕಂಪನದ ಜೊತೆಗೆ ಎರಡರಷ್ಟು, ಮೂರರಷ್ಟು, ಐದರಷ್ಟು ವೇಗದ ಕಂಪನಗಳೂ ಇರುತ್ತವೆ. ಜೀವಾಳ ಅವನ್ನು ಉಬ್ಬಿಸಿ ಕೊಡುತ್ತದೆ. ವಾಲ್ವ್ ಮಾಡುವುದೂ ಇದನ್ನೇ. ಅದರ ಶಕ್ತಿಯ ಅಂಚಿಗೆ ನುಡಿಸಿದಾಗ ಅಲೆಯ ತುದಿಯನ್ನು ಥಟ್ಟನೆ ಕತ್ತರಿಸದೆ ಮೆಲ್ಲಗೆ ದುಂಡಗೆ ಮಾಡುತ್ತದೆ. ಹಾಗೆ ದುಂಡಗಾದಾಗ ಮೂಲದಲ್ಲಿ ಇಲ್ಲದಿದ್ದ ಮೇಲಿನ ಸಂಗಾತಿ ಸ್ವರಗಳು ಸೇರಿಕೊಳ್ಳುತ್ತವೆ. 41ರ ಜೊತೆಗೆ 82, 123, 164 ಹೀಗೆ.

ಅಷ್ಟರಿಂದ ಕೆಳಗಿನ ಸ್ವರ ಹೇಗೆ ಕೇಳಿಸುತ್ತದೆ ಎನ್ನುವಿರೋ? ಮನೆಯ ಲ್ಯಾಂಡ್‌ಲೈನ್ ಫೋನು ಬಹುಕಾಲ ಸುಮಾರು 300ರಿಂದ 3400 ಕಂಪನಗಳ ಒಳಗಿನ ಸದ್ದನ್ನಷ್ಟೇ ಸಾಗಿಸುತ್ತಿತ್ತು. ಗಂಡಸಿನ ದನಿಯ ಮೂಲ ಕಂಪನ 100ರ ಆಸುಪಾಸಿನದು. ಅದು ತಂತಿಯಲ್ಲಿ ಬರುತ್ತಲೇ ಇರಲಿಲ್ಲ. ಆದರೂ ಭಾವನ ದನಿಯನ್ನು ನಾವು ನಾದಿನಿಯ ದನಿ ಎಂದು ತಿಳಿದದ್ದುಂಟೇ? ಮೇಲಿನ ಸಂಗಾತಿಗಳನ್ನು ಕೇಳಿಸಿಕೊಂಡು ಕೆಳಗಿನ ಮೂಲವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಮನೆಯ ಹೆಜ್ಜೆ ಸಪ್ಪಳದಿಂದಲೇ ಬಂದವರು ಯಾರೆಂದು ಅಡುಗೆಮನೆಯಲ್ಲಿದ್ದೇ ಹೇಳುತ್ತೇವಲ್ಲ, ಹಾಗೆ. ಡ್ರಮ್ಮಿನ ಗದ್ದಲದಲ್ಲಿ 41ರ ಕಂಪನ ಮುಳುಗಿದರೂ 82, 123 ತೇಲಿಬಂದು ಅದರ ಗುರುತು ಹೇಳುತ್ತವೆ. ನನ್ನ ಕಿವಿಗೆ ಸ್ವರ ಬಿಡಿಸಿ ಕೇಳಿಸಿದ್ದು ಹೀಗೆ. 'ಬೆಚ್ಚಗಿದೆ' ಎನ್ನುವ ಬದಲು 'ಗುರುತು ಸಿಗುತ್ತದೆ' ಎಂದರೆ ಸರಿಯಾದ ವಿಮರ್ಶೆಯಾಗುತ್ತದೆ.

ಹೊಗಳಿಕೆಯಲ್ಲಿ ಇನ್ನೊಂದು ಅರ್ಧಸತ್ಯವಿದೆ. ವಾಲ್ವ್ ಎರಡು, ನಾಲ್ಕು ಎಂಬ ಸರಿಸಂಖ್ಯೆಯ ಸಂಗಾತಿ ಸ್ವರಗಳನ್ನು ಕೊಡುತ್ತದೆ, ಆದ್ದರಿಂದಲೇ ಇಂಪು ಎಂದು ಗಟ್ಟಿಯಾಗಿ ಹೇಳುವವರಿದ್ದಾರೆ. ಆದರೆ ದೊಡ್ಡ ಪೆಟ್ಟಿಗೆಗಳಲ್ಲಿ ಕೊನೆಯ ಕೆಲಸವನ್ನು ವಾಲ್ವುಗಳು ಜೋಡಿಯಾಗಿ, ಸರದಿಯಂತೆ ಮಾಡುತ್ತವೆ. ಹಿಂದೆ ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕುತ್ತಿದ್ದರಲ್ಲ, ಹಾಗೆ. ಆ ಏರ್ಪಾಟಿನಲ್ಲಿ ಆ ಜೋಡಿಯಿಂದ ಹುಟ್ಟುವ ಸರಿಸಂಖ್ಯೆಯ ಸ್ವರಗಳು ಹೆಚ್ಚುಕಡಿಮೆ ಒಂದನ್ನೊಂದು ಕಳೆದುಬಿಡುತ್ತವೆ, ಉಳಿಯುವುದು ಬೆಸಸಂಖ್ಯೆಯವು. ಸರಿಸಂಖ್ಯೆಯದು ಬಂದರೆ ಮುಂದಿನ ಸಣ್ಣ ವಾಲ್ವುಗಳಿಂದಲೇ. ಇಂಪಿನ ಕಾರಣ ಒಂದು ಸೂತ್ರದಲ್ಲಿ ಮುಗಿಯುವಂಥದ್ದಲ್ಲ.

ಹೊಗಳುವವರು ಹೇಳದೆ ಬಿಡುವ ಸಂಗತಿಗಳೂ ಇವೆ, ಮನೆ ನಡೆಸುವವರು ಅವನ್ನು ಬಿಡುವ ಹಾಗಿಲ್ಲ. ಮೊದಲನೆಯದು ತೂಕ. ವಾಲ್ವಿಗೂ ಸ್ಪೀಕರಿಗೂ ನಡುವೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಬೇಕು; ಸ್ವರ ಕೆಳಗಿಳಿದಷ್ಟೂ ಕಬ್ಬಿಣ ಹೆಚ್ಚು ಬೇಕು. ಹಾಗಾಗಿ ಬೇಸಿನ ವಾಲ್ವ್ ಪೆಟ್ಟಿಗೆ ಹಗುರವಾಗುವುದು ಸಾಧ್ಯವೇ ಇಲ್ಲ. ಇಂದು 500 ವಾಟಿನ ಹೊಸ ಪೆಟ್ಟಿಗೆ ಎರಡು ಮೂರು ಕಿಲೋದೊಳಗೆ ಸಿಗುತ್ತದೆ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಬಹುದು. ಎರಡನೆಯದು ವಿದ್ಯುತ್ತು. ಅಮೆರಿಕದ ಹಳೆಯ ಪೆಟ್ಟಿಗೆ ಅಲ್ಲಿಯ 120 ವೋಲ್ಟಿಗೆ ಮಾಡಿದ್ದು; ನಮ್ಮ 230 ವೋಲ್ಟಿನ ಗೋಡೆಗೆ ನೇರ ಚುಚ್ಚಿದರೆ ಹೊಗೆಯೇ ಗತಿ. ಮೂರನೆಯದು ಜೀವದ ಮಾತು. ಒಳಗೆ 400-500 ವೋಲ್ಟ್ ಓಡಾಡುತ್ತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಉಳಿದಿರುತ್ತದೆ. ಹಳೆಯ ಎಷ್ಟೋ ಪೆಟ್ಟಿಗೆಗಳಿಗೆ ಎರಡೇ ಪಿನ್ನು, ಅರ್ತಿಂಗ್ ಇಲ್ಲ. 1972ರಲ್ಲಿ ಲೆಸ್ ಹಾರ್ವೆ ಎಂಬ ಸ್ಕಾಟ್‌ಲೆಂಡಿನ ಗಿಟಾರ್ ವಾದಕ ಸರಿಯಾದ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ಸ್ವಾನ್ಸಿ ನಗರದ ವೇದಿಕೆಯ ಮೇಲೆಯೇ ತೀರಿಕೊಂಡರು. ಹಳೆಯದೆಂಬ ಮೋಹದಲ್ಲಿ ಮೂರನೇ ಪಿನ್ನನ್ನು ಮರೆಯುವ ಹಾಗಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ಮನೆಯ ಪಂಚಾಯಿತಿ ಬಗೆಹರಿದಿರಲಿಲ್ಲ. ಯಾರೋ ಒಬ್ಬರು ಹಳೆಯ ವಿದೇಶಿ ಪೆಟ್ಟಿಗೆಯನ್ನು ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ ಕೊಡುವುದಾಗಿ ಹೇಳಿದ್ದರು. ನನ್ನ ಚೀಟಿಯ ದುಡ್ಡು ಕೈಗೆ ಬಂದಿತ್ತು. ಅದು ಅಡುಗೆಮನೆಯ ಸೋರುವ ಮಾಡಿಗೆಂದು ಕಟ್ಟಿದ್ದು. "ಹಾಡೋದೂ ಇಲ್ಲ, ಎದುರಿಗೆ ನಿಂತು ನುಡಿಸೋದೂ ಇಲ್ಲ. ಹಿಂದೆ ನಿಂತು ದುಂಯ್ ದುಂಯ್ ಅನ್ನಿಸೋಕೆ ಲಕ್ಷ ರೂಪಾಯಾ?" ಎಂದರು ನಮ್ಮನೆಯವರು. ಮಗಳು ಜಗಳವಾಡಲಿಲ್ಲ. "ಅಪ್ಪ ಹೇಳೋದು ಸರೀನೇ ಅಮ್ಮ, ಕೇಳಿಸದೇ ಇದ್ರೆ ದುಂಯ್ ದುಂಯ್ಯೇ" ಎಂದಳು. ಆ ಮಾತು ನನ್ನನ್ನು ಚುಚ್ಚಿತು. ಹಿಂದಿನ ತಿಂಗಳು ಒಂದು ಸಭಾಂಗಣದಲ್ಲಿ ಅವಳ ತಂಡದ ಕಾರ್ಯಕ್ರಮವಿತ್ತು. ಮೈಕ್ ನೋಡಿಕೊಳ್ಳುತ್ತಿದ್ದವನು ಗದ್ದಲ ಜಾಸ್ತಿಯಾಯಿತೆಂದು ಮೊದಲು ತಗ್ಗಿಸಿದ್ದು ಅವಳ ಗುಂಡಿಯನ್ನೇ. ಒಂದು ಗಂಟೆ ಅವಳು ನುಡಿಸಿದಳು. ಮುಂದಿನ ಸಾಲಿನಲ್ಲಿ ಕೂತ ನನಗೆ ಅವಳ ಬೆರಳು ಕಂಡವು, ಒಂದು ಸ್ವರವೂ ಕೇಳಿಸಲಿಲ್ಲ.

ಹಾಗಾಗಿ ಅವಳು ಕೇಳುತ್ತಿದ್ದುದು ಹಳೆಯ ಪೆಟ್ಟಿಗೆಯ ಶೋಕಿಯನ್ನಲ್ಲ ಎಂದು ನನಗೆ ತಿಳಿಯಿತು. ಅವಳಿಗೆ ಬೇಕಾದದ್ದು ತನ್ನ ಸ್ವರಕ್ಕೊಂದು ಗುರುತು. ಅದಕ್ಕೆ ಲಕ್ಷ ಬೇಕೇ ಎಂಬುದಷ್ಟೇ ಪ್ರಶ್ನೆ. ನಾವಿಬ್ಬರೂ ಜೆ.ಸಿ. ರಸ್ತೆಯುದ್ದಕ್ಕೂ ನಡೆದು ಟೌನ್ ಹಾಲ್ ದಾಟಿ ಎಸ್.ಪಿ. ರಸ್ತೆಗೆ ಹೋದೆವು. ಈಗ ಕಂಪ್ಯೂಟರ್ ಅಂಗಡಿಗಳೇ ತುಂಬಿದ ಆ ರಸ್ತೆಯ ಒಂದು ಮಹಡಿಯ ಮೂಲೆಯಲ್ಲಿ ವಾಲ್ವ್ ರೇಡಿಯೋ ರಿಪೇರಿ ಬಲ್ಲ ಹಿರಿಯರೊಬ್ಬರಿದ್ದರು. ಅವರ ಬಳಿ ಒಂದು ಕಾಲದಲ್ಲಿ ಮದುವೆ, ಗಣೇಶನ ಹಬ್ಬಗಳಲ್ಲಿ ಮೆರೆದ ಮೈಕ್ ಸೆಟ್ಟಿನ ವಾಲ್ವ್ ಆಂಪ್ಲಿಫೈಯರ್ ಒಂದು ಧೂಳು ತಿನ್ನುತ್ತಾ ಬಿದ್ದಿತ್ತು. ಮುಂದಿನ ಸಣ್ಣ ವಾಲ್ವುಗಳು ಇಸಿಸಿ-83. ಗಾಜಿನ ಮೇಲೆ ಮಾಸಿದ ಬಿ.ಇ.ಎಲ್. ಮುದ್ರೆ.

"ಇದು ಮಾತಿಗೆ ಮಾಡಿದ್ದು ತಾಯಿ. ಟ್ರಾನ್ಸ್‌ಫಾರ್ಮರ್ ಚಿಕ್ಕದು. ಕೆಳಗಿನ ಸ್ವರ ಪೂರ್ತಿ ಎತ್ತಲ್ಲ" ಎಂದು ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಕಂಡೆನ್ಸರುಗಳನ್ನೆಲ್ಲ ಹೊಸದು ಹಾಕಿ, ಮೂರು ಪಿನ್ನಿನ ಪ್ಲಗ್, ಅರ್ತಿಂಗ್ ಮಾಡಿಕೊಟ್ಟು, ಒಂಬತ್ತು ಸಾವಿರ ತೆಗೆದುಕೊಂಡರು. ಸ್ವರ ಪೂರ್ತಿ ಬರಲಿಲ್ಲ ನಿಜ. 41ರ ಮೂಲ ಕಂಪನ ಅದರಲ್ಲಿ ಸೊರಗಿಹೋಗಿತ್ತು. ಆದರೆ ಅದರ ಸಂಗಾತಿಗಳು ಸ್ಪಷ್ಟವಾಗಿ ಬಂದವು, ಉಳಿದದ್ದನ್ನು ಕಿವಿ ತುಂಬಿಕೊಂಡಿತು. ಮನೆಯ ಅಭ್ಯಾಸಕ್ಕೆ, ಧ್ವನಿಮುದ್ರಣಕ್ಕೆ ಅದು ಸಾಕು. ವೇದಿಕೆಗೆ ಅವಳು ಒಂದು ಹಗುರದ ಹೊಸ ಪೆಟ್ಟಿಗೆಯನ್ನು ತನ್ನ ಸಂಬಳದಿಂದ ಕಂತಿನಲ್ಲಿ ಕೊಂಡಳು. ಅದರ ಮುಂದೆ ಒಂದೇ ವಾಲ್ವಿನ ಸಣ್ಣ ಡಬ್ಬಿಯೊಂದನ್ನು ಜೋಡಿಸಿಕೊಂಡಿದ್ದಾಳೆ. ಚೀಟಿಯ ದುಡ್ಡಿನಲ್ಲಿ ಅಡುಗೆಮನೆಯ ಮಾಡು ರಿಪೇರಿಯಾಗಿದೆ. ದೊಡ್ಡ ವಾಲ್ವ್ ಪೆಟ್ಟಿಗೆಗೆ ಇದು ಸಮವೇ? ಸಮವಲ್ಲ. ತುಂಬಿದ ಸದ್ದಿನಲ್ಲಿ ಆ ದೈತ್ಯ ಮಾಡುವುದನ್ನು ಈ ಡಬ್ಬಿ ಮುಕ್ಕಾಲು ಪಾಲು ಮಾಡುತ್ತದೆ ಎಂಬುದು ನನ್ನ ಕಿವಿಯ ತೀರ್ಪು. ಉಳಿದ ಕಾಲು ಭಾಗಕ್ಕೆ ಲಕ್ಷ ಕೊಡುವ ಶಕ್ತಿಯಿದ್ದವರು ಕೊಡಲಿ, ಅದರಲ್ಲಿ ತಪ್ಪೇನಿಲ್ಲ.

ನನಗೆ ಆ ಪೆಟ್ಟಿಗೆಯಲ್ಲಿ ಇನ್ನೊಂದು ಬೆಲೆಯೂ ಕಂಡಿತು. ನಮ್ಮ ಬೀದಿಯಲ್ಲಿ ವಾಲ್ವ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯಾಕೆಯೊಬ್ಬರಿದ್ದಾರೆ. ಇಸಿಸಿ-83ನ್ನು ಅವರ ಅಂಗೈಯಲ್ಲಿಟ್ಟಾಗ ಕನ್ನಡಕ ಏರಿಸಿ ನೋಡಿದರು. "ಭೂತಗನ್ನಡಿ ಕೆಳಗೆ ಚಿಮುಟದಲ್ಲಿ ಹಿಡಿದು ಕೂರಿಸ್ತಿದ್ವಮ್ಮ. ಕೈ ನಡುಗಿದ್ರೆ ಆಯ್ತು, ಪೀಸು ಹೋಯ್ತು" ಎಂದರು. ಇಂಗ್ಲೆಂಡಿನ ಬ್ಲಾಕ್‌ಬರ್ನ್‌ನಲ್ಲಿದ್ದ ಮಲ್ಲಾರ್ಡ್ ಕಂಪನಿಯ ಹೆಸರಾಂತ ವಾಲ್ವುಗಳನ್ನು ಜೋಡಿಸಿದವರಲ್ಲೂ ಹೆಚ್ಚಿನವರು ಹೆಂಗಸರೇ. ಪೆಟ್ಟಿಗೆಗಳ ಮೇಲೆ ಫೆಂಡರ್ ಎಂದಿದೆ, ಮಾರ್ಷಲ್ ಎಂದಿದೆ. ಗಾಜಿನೊಳಗೆ ಜಾಲರಿ ಕೂರಿಸಿದವರ ಹೆಸರು ಎಲ್ಲೂ ಇಲ್ಲ. 'ಹಳೆಯ ಕಾಲದ ವಾಲ್ವಿನ ಹಾಗೆ ಈಗಿನದು ಬರುವುದಿಲ್ಲ' ಎಂದು ನಿಟ್ಟುಸಿರುಬಿಡುವವರು ಯಾವ ಕೈಗಳನ್ನು ಹೊಗಳುತ್ತಿದ್ದೇವೆ ಎಂದು ಒಮ್ಮೆ ಯೋಚಿಸಬೇಕು. ವಾಲ್ವುಗಳು ಇಂದು ಹೆಚ್ಚಾಗಿ ತಯಾರಾಗುವುದು ರಷ್ಯಾ, ಸ್ಲೊವಾಕಿಯಾ, ಚೀನಾ ದೇಶಗಳಲ್ಲಿ. 2022ರಲ್ಲಿ ಯುಕ್ರೇನಿನ ಯುದ್ಧ ಶುರುವಾದಾಗ ಲೋಕದ ಗಿಟಾರಿನವರೆಲ್ಲ ವಾಲ್ವ್ ಸಿಗುತ್ತದೋ ಇಲ್ಲವೋ ಎಂದು ಗಾಬರಿಯಾದರು. ಕುಶಲ ಕೈಗಳನ್ನು ಒಮ್ಮೆ ಮನೆಗೆ ಕಳಿಸಿದರೆ ಮತ್ತೆ ಕರೆತರುವುದು ಸುಲಭವಲ್ಲ.

ಆದ್ದರಿಂದ ಹಳೆಯ ವಾಲ್ವಿನ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಅದರ ಗುಣ ಭ್ರಮೆಯಲ್ಲ, ಅಳೆದು ನೋಡಬಹುದಾದದ್ದು, ಆದರೆ ಆ ಗುಣ ಅದರ ವಯಸ್ಸಿನಿಂದ ಬಂದದ್ದಲ್ಲ, ಬೆಲೆಯಿಂದಂತೂ ಅಲ್ಲವೇ ಅಲ್ಲ. ಮುಳುಗಿಹೋಗುವ ಸ್ವರವೊಂದಕ್ಕೆ ಅದು ಸಂಗಾತಿಗಳನ್ನು ಕೊಟ್ಟು ತೇಲಿಸುತ್ತದೆ. ತಂಬೂರಿಯಲ್ಲಿ ಆ ಕೆಲಸವನ್ನು ಒಂದೆಳೆ ನೂಲು ಮಾಡುತ್ತದೆ. ಮನೆಯಲ್ಲಿ ಯಾರಾದರೂ ಹುಡುಗಿ ಹಿಂದಿನ ಸಾಲಿನಲ್ಲಿ ನಿಂತು ದಪ್ಪ ತಂತಿಯ ಗಿಟಾರ್ ನುಡಿಸುತ್ತಿದ್ದರೆ, ಯಾವ ಪೆಟ್ಟಿಗೆ ಬೇಕೆಂದು ಕೇಳುವ ಮೊದಲು ಮೈಕ್ ನೋಡಿಕೊಳ್ಳುವವನ ಹತ್ತಿರ ಹೋಗಿ "ಅಪ್ಪಾ, ಆ ಗುಂಡಿ ಒಂಚೂರು ಮೇಲೆ ಮಾಡು" ಎಂದು ಹೇಳಿ. ಅದಕ್ಕೆ ಖರ್ಚಿಲ್ಲ. ಆಮೇಲೆ ಕೂತು, ಕೆಳಗಿನ ಸ್ವರವನ್ನೇ ಹಿಡಿದುಕೊಂಡು ಒಂದು ಹಾಡನ್ನು ಪೂರ್ತಿ ಕೇಳಿ.